ನೀರಿನ ಡಿಎನ್‌ಎ ಯಂತ್ರ: ಒಂದೇ ಕಂಪನಿಯಿಂದ ಕೊಳ್ಳಬಹುದೇ?

ಪ್ರಶ್ನೆ: ನದಿ, ಕೆರೆಗಳ ನೀರಿನಿಂದ ಡಿಎನ್‌ಎ ತೆಗೆದು ಅಧ್ಯಯನ ನಡೆಸುವ ಸರ್ಕಾರಿ ಸಂಶೋಧನಾ ಸಂಸ್ಥೆಗಳು ಅದಕ್ಕೆ ಬೇಕಾದ ಸ್ವಯಂಚಾಲಿತ ಯಂತ್ರವನ್ನು ಕೆಲವೊಮ್ಮೆ ಪೈಪೋಟಿಯ ಟೆಂಡರ್ ಕರೆಯದೆ ಒಂದೇ ಕಂಪನಿಯಿಂದ ಕೊಳ್ಳುತ್ತವೆ. ಇದಕ್ಕೆ ನಿಯಮದಲ್ಲಿ ಅವಕಾಶವಿದೆಯೇ?

ಉತ್ತರ: ಅವಕಾಶವಿದೆ. ಆದರೆ ಆ ಅವಕಾಶ ನಿಂತಿರುವುದು ಕಂಪನಿಯ ಹೆಸರಿನ ಮೇಲಲ್ಲ, ಪ್ರಯೋಗಾಲಯ ಮಾಡಬೇಕಾದ ಕೆಲಸದ ಮೇಲೆ. ಆದ್ದರಿಂದ ಯಂತ್ರ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು.

ಮೀನು, ಕಪ್ಪೆ, ನೀರುನಾಯಿಗಳು ತಾವಿರುವ ನೀರಿನಲ್ಲಿ ಚರ್ಮದ ಕಣ, ಲೋಳೆ, ಮಲಗಳ ಮೂಲಕ ತಮ್ಮ ಡಿಎನ್‌ಎಯ ಅಂಶವನ್ನು ಬಿಡುತ್ತಿರುತ್ತವೆ. ನೀರನ್ನು ಸೂಕ್ಷ್ಮ ರಂಧ್ರಗಳ ಪೊರೆಯಲ್ಲಿ ಸೋಸಿ, ಪೊರೆಗೆ ಅಂಟಿದ ಡಿಎನ್‌ಎಯನ್ನು ಬೇರ್ಪಡಿಸಿ ಓದಿದರೆ, ಒಂದು ಪ್ರಾಣಿಯನ್ನೂ ಹಿಡಿಯದೆ ಅಲ್ಲಿ ಯಾವ ಯಾವ ಜೀವಿಗಳಿವೆ ಎಂದು ತಿಳಿಯಬಹುದು. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಸಂಶೋಧನಾ ಸಂಸ್ಥೆ ಸಿಸಿಎಂಬಿಗೆ ಸೇರಿದ, ಅಳಿವಿನಂಚಿನ ಜೀವಿಗಳ ಸಂರಕ್ಷಣೆಗಾಗಿರುವ ಲಾಕೋನ್ಸ್ ಪ್ರಯೋಗಾಲಯದ ವಿಜ್ಞಾನಿಗಳು ಒಡಿಶಾದ ಚಿಲಿಕಾ ಸರೋವರದಲ್ಲಿ ಈ ಬಗೆಯ ಅಧ್ಯಯನ ನಡೆಸಿದ್ದಾರೆ. ನೂರಾರು ಮಾದರಿಗಳನ್ನು ಕೈಯಲ್ಲಿ ಪಿಪೆಟ್ ಹಿಡಿದು ಸಂಸ್ಕರಿಸುವಾಗ ಒಂದರ ಹನಿ ಇನ್ನೊಂದಕ್ಕೆ ಸೇರುವ ಅಪಾಯ ಸದಾ ಇರುತ್ತದೆ. ಇಲ್ಲಿ ಹುಡುಕುತ್ತಿರುವ ಡಿಎನ್‌ಎಯ ಪ್ರಮಾಣವೇ ತೀರ ಅತ್ಯಲ್ಪವಾದ್ದರಿಂದ, ಅಂತಹ ಒಂದು ಹನಿಯಿಂದಲೇ ಇಲ್ಲದ ಪ್ರಾಣಿ ಇದೆ ಎಂಬ ಫಲಿತಾಂಶ ಬರಬಹುದು. 96 ಗುಳಿಗಳ ಪ್ಲೇಟಿನಲ್ಲಿ ಕಾಂತೀಯ ಮಣಿಗಳ ನೆರವಿನಿಂದ ಎಲ್ಲ ಮಾದರಿಗಳನ್ನೂ ಒಂದೇ ಕ್ರಮದಲ್ಲಿ ತೊಳೆದು ಡಿಎನ್‌ಎ ಬೇರ್ಪಡಿಸುವ ಯಂತ್ರ ಈ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸುತ್ತದೆ.

ಇನ್ನು ನಿಯಮದ ಮಾತು. ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯಿಸುತ್ತವೆ. ಅವುಗಳಲ್ಲಿ 166ನೆಯ ನಿಯಮವು ಏಕ ಟೆಂಡರಿಗೆ ಮೂರು ಸಂದರ್ಭಗಳನ್ನು ಒಪ್ಪುತ್ತದೆ: ಬೇಕಾದ ವಸ್ತುವನ್ನು ಒಂದೇ ಸಂಸ್ಥೆ ತಯಾರಿಸುತ್ತಿರುವುದು, ತುರ್ತು ಅಗತ್ಯ, ಮತ್ತು ಈಗಾಗಲೇ ಇರುವ ಉಪಕರಣಗಳಿಗೆ ಹೊಂದುವ ಯಂತ್ರ ಅಥವಾ ಬಿಡಿಭಾಗವೇ ಬೇಕೆಂದು ತಾಂತ್ರಿಕ ತಜ್ಞರು ಸಲಹೆ ನೀಡಿರುವುದು. ಮೊದಲ ಸಂದರ್ಭದಲ್ಲಿ, ಬೇರೆ ಯಾವ ತಯಾರಿಕೆಯೂ ಮಾಡೆಲ್ಲೂ ಏಕೆ ಒಪ್ಪಿತವಲ್ಲ ಎಂಬ ಕಾರಣ ಬರೆದು, ಪಿಎಸಿ (ಪ್ರೊಪ್ರೈಟರಿ ಆರ್ಟಿಕಲ್ ಸರ್ಟಿಫಿಕೇಟ್) ಎಂದು ಕಚೇರಿಗಳಲ್ಲಿ ಕರೆಯುವ ಪ್ರಮಾಣಪತ್ರಕ್ಕೆ, ಖರೀದಿಗೆ ಬೇಡಿಕೆ (ಇಂಡೆಂಟ್) ಸಲ್ಲಿಸುವವರು ಸಹಿ ಮಾಡಬೇಕು. ಕರ್ನಾಟಕ ಸರ್ಕಾರದ ಸಂಸ್ಥೆಗಳು ಇದಕ್ಕೆ ಬದಲಾಗಿ ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗಾಗಿರುವ 1999ರ ಕೆಟಿಪಿಪಿ ಅಧಿನಿಯಮವನ್ನು ನೋಡಬೇಕು. ಅದರ 4ನೆಯ ಪ್ರಕರಣವೂ ಒಂದೇ ಮೂಲದಿಂದ ಸಿಗುವ ವಸ್ತುವಿಗೆ ವಿನಾಯಿತಿ ಕೊಡುತ್ತದೆ.

166ನೆಯ ನಿಯಮದ ಮೂರು ಸಂದರ್ಭಗಳಲ್ಲಿ ಪರಿಸರ ಸಂಶೋಧನೆಗೆ ನಿಜವಾಗಿ ಹೊಂದುವುದು ಮೂರನೆಯದು, ಅಂದರೆ ಇರುವ ಉಪಕರಣಗಳಿಗೆ ಹೊಂದುವ ಯಂತ್ರವೇ ಬೇಕೆಂಬ ಕಾರಣ ಎಂದು ನನ್ನ ಅಭಿಪ್ರಾಯ. ಡಿಎನ್‌ಎ ಬೇರ್ಪಡಿಸುವ ಯಂತ್ರಗಳನ್ನು ಹಲವು ಕಂಪನಿಗಳು ತಯಾರಿಸುತ್ತಿರುವಾಗ ‘ಇನ್ನೊಬ್ಬ ತಯಾರಕನಿಲ್ಲ’ ಎಂಬ ಮಾತು ಸುಲಭವಾಗಿ ನಿಲ್ಲುವುದಿಲ್ಲ. ಆದರೆ ಒಂದು ನದಿಯನ್ನು ಐದು ವರ್ಷ ಒಂದೇ ವಿಧಾನದಲ್ಲಿ ಅಳೆದು, ಆರನೆಯ ವರ್ಷ ಯಂತ್ರವನ್ನೂ ರಾಸಾಯನಿಕವನ್ನೂ ಬದಲಿಸಿದರೆ, ಮೀನಿನ ಡಿಎನ್‌ಎ ಕಡಿಮೆಯಾದದ್ದು ನದಿಯಲ್ಲೋ ಪ್ರಯೋಗಾಲಯದಲ್ಲೋ ಎಂದು ಹೇಳುವುದು ಕಷ್ಟವಾಗುತ್ತದೆ. ಇದು ಕಡತದಲ್ಲಿ ಬರೆಯಲು ಯೋಗ್ಯವಾದ ಕಾರಣ. ಹಾಗಾದರೆ ಮೊದಲ ಖರೀದಿಯೇ ಮುಂದಿನ ಎಷ್ಟೋ ವರ್ಷಗಳ ಖರೀದಿಯನ್ನು ನಿರ್ಧರಿಸುತ್ತದೆ ಎಂದಾಯಿತು. ಆದ್ದರಿಂದ ಆ ಮೊದಲ ಖರೀದಿಯಾದರೂ ಮುಕ್ತ ಟೆಂಡರಿನಲ್ಲಿ ನಡೆಯಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಆ ಟೆಂಡರಿನ ತಾಂತ್ರಿಕ ವಿವರಣೆ ಬರೆಯುವಾಗ ಒಂದು ಕಂಪನಿಯ ಕೈಪಿಡಿಯನ್ನು ಸಾಲುಸಾಲಾಗಿ ನಕಲು ಮಾಡಿದರೆ, ಹೆಸರು ಹಾಕದೆಯೇ ಹೆಸರು ಹಾಕಿದಂತಾಗುತ್ತದೆ. ಕೆಲಸವನ್ನು ವಿವರಿಸುವುದೇ ಸರಿಯಾದ ದಾರಿ. ಮಲೆನಾಡಿನ ಹಳ್ಳಗಳಂತೆ ಎಲೆ ಕೊಳೆತ ನೀರಿನಲ್ಲಿ ಹ್ಯೂಮಿಕ್ ಆಮ್ಲವಿರುತ್ತದೆ. ಅದು ಡಿಎನ್‌ಎಯನ್ನು ಹಲವು ಪಟ್ಟು ನಕಲು ಮಾಡಿ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯನ್ನು ತಡೆಯುವುದರಿಂದ ಇರುವ ಪ್ರಾಣಿಯೂ ಇಲ್ಲವೆಂದು ಕಾಣಿಸುತ್ತದೆ. ‘ಇಂತಹ ನೀರಿನ ಮಾದರಿಯನ್ನು ನಾವು ಕೊಡುತ್ತೇವೆ, ನಿಮ್ಮ ಯಂತ್ರದಲ್ಲಿ ಸಂಸ್ಕರಿಸಿ ತೋರಿಸಿ, ಡಿಎನ್‌ಎ ಇಲ್ಲದ ಖಾಲಿ ಮಾದರಿಯಲ್ಲಿ ಏನೂ ಕಾಣಬಾರದು’ ಎಂಬ ಷರತ್ತಿಗೆ ಯಾವ ಕಂಪನಿಯಾದರೂ ಉತ್ತರ ಕೊಡಬಹುದು.

ಇದಕ್ಕಿಂತಲೂ ನನಗೆ ಚಿಂತೆಯ ವಿಷಯ ಕಿಟ್‌ಗಳದ್ದು, ಅಂದರೆ ಡಿಎನ್‌ಎ ಬೇರ್ಪಡಿಸಲು ಯಂತ್ರಕ್ಕೆ ಹಾಕುವ ರಾಸಾಯನಿಕಗಳ ಸಿದ್ಧ ಪೊಟ್ಟಣಗಳದ್ದು. ಕೆಲವು ಯಂತ್ರಗಳು ತಮ್ಮದೇ ಕಂಪನಿಯ ಕಿಟ್ ಹಾಕಿದರೆ ಮಾತ್ರ ನಡೆಯುತ್ತವೆ. ಕೆಲವಕ್ಕೆ ಯಾರ ರಾಸಾಯನಿಕವಾದರೂ ಆದೀತು. ಯಂತ್ರದ ಬೆಲೆಯನ್ನಷ್ಟೇ ಹೋಲಿಸಿ ಅತಿ ಕಡಿಮೆ ಕೇಳಿದವರಿಗೆ ಆದೇಶ ಕೊಟ್ಟ ಸಂಸ್ಥೆ, ಆಮೇಲೆ ಪ್ರತಿ ಮಾದರಿಗೂ ಆ ಕಂಪನಿ ಹೇಳಿದ ದರವನ್ನೇ ತೆರುತ್ತಾ ಹೋಗಬೇಕಾಗುತ್ತದೆ. ಯೋಜನೆಯ ಅನುದಾನ ಮುಗಿದ ಮೇಲೆ ಕಿಟ್ ಕೊಳ್ಳಲು ಹಣವಿಲ್ಲದೆ, ಕೆಟ್ಟಿಲ್ಲದ ಯಂತ್ರವೂ ಬಟ್ಟೆ ಹೊದ್ದು ಮೂಲೆ ಸೇರುವ ಸ್ಥಿತಿ ಬರಬಹುದು. ಆದ್ದರಿಂದ ವರ್ಷಕ್ಕೆ ಎಷ್ಟು ಮಾದರಿ ಎಂದು ಲೆಕ್ಕ ಹಾಕಿ, ಐದು ವರ್ಷಗಳ ಕಿಟ್, ಬಿಡಿಭಾಗ ಮತ್ತು ವಾರಂಟಿಯ ನಂತರದ ನಿರ್ವಹಣೆಯ ದರವನ್ನೂ ಆರ್ಥಿಕ ಬಿಡ್‌ನಲ್ಲಿಯೇ ಕೇಳಿ, ಒಟ್ಟು ಮೊತ್ತವನ್ನು ಹೋಲಿಸಬೇಕು.

2025ರ ಜೂನ್‌ನಲ್ಲಿ ಕೇಂದ್ರವು ವೈಜ್ಞಾನಿಕ ಸಂಸ್ಥೆಗಳಿಗೆ ಸಾಮಾನ್ಯ ಹಣಕಾಸು ನಿಯಮಗಳನ್ನು ಸಡಿಲಿಸಿತು. ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷ ರೂಪಾಯಿಗೂ, ಖರೀದಿ ಸಮಿತಿಯ ಮಿತಿ 10 ಲಕ್ಷದಿಂದ 25 ಲಕ್ಷಕ್ಕೂ ಏರಿತು. ವಿಶೇಷ ಉಪಕರಣಗಳನ್ನು ಸರ್ಕಾರದ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್‌ನ ಹೊರಗೆ ಕೊಳ್ಳಲು ಸಂಸ್ಥೆಯ ಮುಖ್ಯಸ್ಥರೇ ಅನುಮತಿ ನೀಡಬಹುದು. 200 ಕೋಟಿ ರೂಪಾಯಿವರೆಗಿನ ಜಾಗತಿಕ ಟೆಂಡರಿಗೂ ಅವರ ಒಪ್ಪಿಗೆ ಸಾಕು. ಸಂಶೋಧಕರು ಬಹುಕಾಲದಿಂದ ಕೇಳುತ್ತಿದ್ದ ಬದಲಾವಣೆ ಇದು. ನಾನು ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಪಿಎಸಿಗೆ ಕಾರಣ ಬರೆಯುವ ಹೊಣೆ ಇದರಿಂದ ತಪ್ಪಿಲ್ಲ.

ಒಂದು ನಿರ್ದಿಷ್ಟ ಖರೀದಿ ಸರಿಯೋ ಎಂದು ತಿಳಿಯಬೇಕಾದರೆ, 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಪಿಎಸಿ ಮತ್ತು ತಾಂತ್ರಿಕ ವಿವರಣೆಯ ಪ್ರತಿಗಳಿಗೆ ಅರ್ಜಿ ಹಾಕಿ. ಕಾರಣದ ಕಲಮಿನಲ್ಲಿ ನೀರು, ಮಾದರಿ, ಹಿಂದಿನ ವರ್ಷಗಳ ದತ್ತಾಂಶ ಇವುಗಳ ಪ್ರಸ್ತಾಪವಿದೆಯೋ, ಅಥವಾ ‘ಉತ್ತಮ ಗುಣಮಟ್ಟದ್ದು’ ಎಂದಷ್ಟೇ ಬರೆದಿದೆಯೋ ಎಂದು ಓದಿ ನೋಡಿ.