ಎಂಆರ್‌ಐ ಚಿತ್ರದಲ್ಲಿ ಜಿಪ್ಪರ್ ಗೆರೆ: ಕರಾವಳಿಯಲ್ಲಿ ಮೊದಲು ಬಾಗಿಲು ನೋಡಿ

ಚಿತ್ರದ ಮೇಲೆ ಜಿಪ್ ಹೊಲಿದಂತೆ ಚುಕ್ಕಿಚುಕ್ಕಿಯ ನೇರ ಗೆರೆ ಬಂದರೆ ಅದು ಜಿಪ್ಪರ್ ಆರ್ಟಿಫ್ಯಾಕ್ಟ್, ಅಂದರೆ ದೇಹದಲ್ಲಿಲ್ಲದೆ ಚಿತ್ರದಲ್ಲಷ್ಟೇ ಮೂಡುವ ದೋಷ. 1.5 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಯಂತ್ರ ಕೇಳಿಸಿಕೊಳ್ಳುವುದು ಸುಮಾರು 63.87 ಮೆಗಾಹರ್ಟ್ಸ್‌ನಲ್ಲಿ, 3 ಟೆಸ್ಲಾ ಯಂತ್ರ 127.7ರ ಆಸುಪಾಸಿನಲ್ಲಿ. ದೇಹದಿಂದ ಬರುವ ಸಿಗ್ನಲ್ ತೀರಾ ಕ್ಷೀಣ. ಹೊರಗಿನ ತರಂಗ ಅದರ ಪಕ್ಕಕ್ಕೆ ಬಂದು ಕೂತರೆ ಸಿಗ್ನಲ್ ಹಿಡಿಯುವ ಕಾಯಿಲ್ ಎರಡನ್ನೂ ಒಟ್ಟಿಗೇ ಹಿಡಿಯುತ್ತದೆ. ಅದಕ್ಕೇ ಕೋಣೆಗೆ ಸುತ್ತಲೂ ತಾಮ್ರದ ಹೊದಿಕೆ.

ಗೆರೆ ಎಲ್ಲಿದೆ ಎಂಬುದೇ ಮೊದಲ ಸುಳಿವು. ಚಿತ್ರಕ್ಕೆ ಫೇಸ್, ಫ್ರೀಕ್ವೆನ್ಸಿ ಎಂದು ಎರಡು ದಿಕ್ಕು. ಗೆರೆ ಫೇಸ್ ದಿಕ್ಕಿನಲ್ಲಿ ಉದ್ದಕ್ಕೆ ಓಡುತ್ತದೆ. ಫ್ರೀಕ್ವೆನ್ಸಿ ದಿಕ್ಕಿನಲ್ಲಿ ಅದರ ಜಾಗ ಕಂಪನಾಂಕವನ್ನು ಹೇಳುತ್ತದೆ. ಪಿಕ್ಸೆಲ್‌ಗೆ 250 ಹರ್ಟ್ಸ್ ಬ್ಯಾಂಡ್‌ವಿಡ್ತ್ (ಒಂದು ಪಿಕ್ಸೆಲ್‌ನಲ್ಲಿ ಅಡಗುವ ಕಂಪನಾಂಕದ ಅಗಲ) ಇದ್ದು, ಗೆರೆ ನಡುವಿನಿಂದ 40 ಪಿಕ್ಸೆಲ್ ಆಚೆಗಿದ್ದರೆ, ಕಳ್ಳ ಇರುವುದು ಮಧ್ಯ ಕಂಪನಾಂಕದಿಂದ 10 ಕಿಲೋಹರ್ಟ್ಸ್ ದೂರದಲ್ಲಿ. ಗೆರೆ ಸದಾ ನಟ್ಟನಡುವೆಯೇ ಇದ್ದರೆ ಹೊರಗೆ ಹುಡುಕುವ ಮುಂಚೆ ಯಂತ್ರವನ್ನೇ ಶಂಕಿಸಿ.

ಕಾರವಾರ, ಅಂಕೋಲಾ, ಕುಮಟಾದಂಥ ಊರುಗಳಲ್ಲಿ ನನ್ನ ಮೊದಲ ಸಂಶಯ ಬಾಗಿಲಿನ ಮೇಲೆ. ಚೌಕಟ್ಟಿನ ಸುತ್ತ ಬೆರಿಲಿಯಂ ತಾಮ್ರದ ಸ್ಪ್ರಿಂಗ್ ಪಟ್ಟಿ ಇರುತ್ತದೆ, ಬಾಚಣಿಗೆ ಹಲ್ಲಿನಂತೆ. ಬಾಗಿಲು ಮುಚ್ಚಿದಾಗ ಪ್ರತಿ ಹಲ್ಲೂ ಎದುರಿನ ಲೋಹವನ್ನು ಒತ್ತಬೇಕು. ಉಪ್ಪುಗಾಳಿಗೆ ಅದರ ಮೇಲೆ ಹಸಿರು ಕಿಲುಬು ಹತ್ತಿದರೆ ಕಣ್ಣಿಗೆ ಬಾಗಿಲು ಮುಚ್ಚಿದೆ, ರೇಡಿಯೋ ತರಂಗಕ್ಕೆ ತೆರೆದಿದೆ. ಟ್ರಾಲಿ ತಾಗಿ ನಾಲ್ಕು ಹಲ್ಲು ಮುರಿದರೂ ಅದೇ ಕಥೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ. ಮರಳು ಕಾಗದ ಬೇಡವೇ ಬೇಡ: ಬೆರಿಲಿಯಂ ಧೂಳು ಶ್ವಾಸಕೋಶಕ್ಕೆ ವಿಷ. ಮುರಿದ ಭಾಗವನ್ನು ಬದಲಿಸಲೇಬೇಕು.

ಎರಡನೆಯದು ಗೋಡೆಯ ತೂತು. ಆಕ್ಸಿಜನ್ ಕೊಳವೆ ಒಳಬರುವುದು ವೇವ್‌ಗೈಡ್ ಎಂಬ ಲೋಹದ ನಳಿಗೆಯಿಂದ. 5 ಸೆಂ.ಮೀ. ವ್ಯಾಸದ ನಳಿಗೆ ಸುಮಾರು 3.5 ಗಿಗಾಹರ್ಟ್ಸ್‌ಗಿಂತ ಕೆಳಗಿನದನ್ನು ಸಾಗಗೊಡುವುದಿಲ್ಲ, ಆದರೆ ಉದ್ದ ವ್ಯಾಸದ ಮೂರರಿಂದ ನಾಲ್ಕು ಪಟ್ಟು, ಅಂದರೆ 15–20 ಸೆಂ.ಮೀ. ಇರಬೇಕು. ಅದರೊಳಗೆ ಯಾರಾದರೂ ‘ಇವತ್ತೊಂದಿನ’ ಎಂದು ಮಾನಿಟರ್ ವೈರ್ ತೂರಿಸಿದರೆ ಲೆಕ್ಕವೆಲ್ಲ ಹೋಯಿತು. ಆ ವೈರೇ ಆಂಟೆನಾ. ವೈರ್ ಬರಬೇಕಾದದ್ದು ವೈರುಗಳಿಗೆಂದೇ ಹೊದಿಕೆಯಲ್ಲಿ ಕೂರಿಸಿದ ಪೆನಿಟ್ರೇಶನ್ ಪ್ಯಾನಲ್ಲಿನ ಫಿಲ್ಟರ್ ಮೂಲಕ. ಎಸಿ ರಿಪೇರಿಗೆ ಬಂದವರು ನೀರಿನ ಪೈಪಿಗೆ ಕೊರೆದ ಹೊಸ ತೂತನ್ನೂ ನೋಡಿ.

ಹುಡುಕುವಾಗ ರೋಗಿ ಇಲ್ಲದೆ, ಯಂತ್ರದ ರೇಡಿಯೋ ತರಂಗದ (ಆರ್‌ಎಫ್) ಪ್ರಸಾರ ನಿಲ್ಲಿಸಿ, ಬರೀ ಗದ್ದಲವನ್ನು ಹಿಡಿಯುವ ನಾಯ್ಸ್ ಸ್ಕ್ಯಾನ್ ತೆಗೆಯಿರಿ. ಬಾಗಿಲು ಮುಚ್ಚಿ ಒಮ್ಮೆ, ತೆರೆದು ಒಮ್ಮೆ. ಎರಡರಲ್ಲೂ ಗೆರೆ ಒಂದೇ ಥರ ಇದ್ದರೆ ಮೂಲ ಬಹುಶಃ ಒಳಗೇ ಇದೆ: ದೀಪ, ಕ್ಯಾಮರಾ, ಔಷಧ ಚುಚ್ಚುವ ಇಂಜೆಕ್ಟರ್ ಒಂದೊಂದಾಗಿ ಆರಿಸಿ. ಅಗ್ಗದ ಎಲ್‌ಇಡಿಗೆ ವಿದ್ಯುತ್ ಹೊಂದಿಸಿಕೊಡುವ ಡ್ರೈವರ್ ದೊಡ್ಡ ತಂಟೆಕೋರ. ಡ್ರೈವರ್ ಹೊರಗಿರಲಿ, ಒಳಗೆ ಡಿಸಿ ಮಾತ್ರ ಬರಲಿ. ಹೊದಿಕೆ ಪರೀಕ್ಷಿಸಲು ಎಫ್‌ಎಂ ರೇಡಿಯೋ ಕೋಣೆಯೊಳಗೆ ಒಯ್ದು ಸದ್ದು ನಿಲ್ಲುತ್ತದಾ ಎಂದು ನೋಡುವ ಉಪಾಯ ಅಯಸ್ಕಾಂತ ಬರುವ ಮುಂಚೆ ಮಾತ್ರ. ಆಮೇಲೆ ಅದು ಹಾರಿಬಿಡುವ ಕಬ್ಬಿಣ.

ಗೆರೆಯ ಬದಲು ಚಿತ್ರದ ತುಂಬ ಓರೆ ಪಟ್ಟೆಗಳಿದ್ದರೆ ಅದು ಸ್ಪೈಕ್: ಸಡಿಲ ಸ್ಕ್ರೂ ಅಥವಾ ಸ್ಥಿರ ವಿದ್ಯುತ್ತಿನ ಕಿಡಿ.

ಕೊನೆಯದು ಅರ್ಥಿಂಗ್. ಹೊದಿಕೆ ಕಟ್ಟಡಕ್ಕೆ ಒಂದೇ ಬಿಂದುವಿನಲ್ಲಿ ತಾಗಬೇಕು. ವಿದ್ಯುತ್ ಪೂರ್ತಿ ಕಡಿದು, ಆ ಬಿಂದುವಿನ ಬೋಲ್ಟ್ ಬಿಚ್ಚಿ, ಹೊದಿಕೆಗೂ ಕಟ್ಟಡಕ್ಕೂ ನಡುವಿನ ರೋಧ ಅಳೆದರೆ ಸಾಮಾನ್ಯವಾಗಿ 1000 ಓಮ್‌ಗಿಂತ ಹೆಚ್ಚು ಬರಬೇಕು. ಮಳೆಗಾಲದಲ್ಲಿ ನೆಲದಡಿ ತೇವ ಏರಿದರೆ ಎರಡನೇ ದಾರಿ ಹುಟ್ಟಿ ಇದು ಇಳಿಯುತ್ತದೆ. ಅರ್ಥ್ ಪಿಟ್ಟಿನದು ಇದಕ್ಕೆ ತಿರುವುಮುರುವು: ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ರೋಧ ಏರುತ್ತದೆ. ಹೀಗಾಗಿ ಹೊದಿಕೆಯನ್ನು ಜುಲೈನಲ್ಲಿ, ಪಿಟ್ಟನ್ನು ಮೇ ತಿಂಗಳಲ್ಲಿ ಅಳೆಯಿರಿ.