ಎರಡೂವರೆ ಅಡಿಯ ಹಳಿ, ನೂರೈವತ್ತು ಕಿಲೋಮೀಟರ್ ದಾರಿ

ಕೋಲಾರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋದರೆ ಎಪ್ಪತ್ತು ಕಿಲೋಮೀಟರ್ ಆಸುಪಾಸು. ಅದೇ ಚಿಂತಾಮಣಿ, ಚಿಕ್ಕಬಳ್ಳಾಪುರದ ಮೇಲೆ ಹೋಗುವ ರೈಲು ಹತ್ತಿದರೆ ಯಲಹಂಕ ಮುಟ್ಟುವುದಕ್ಕೇ ಸುಮಾರು 130 ಕಿಲೋಮೀಟರ್. "ಈ ರೈಲು ಯಾಕೆ ಸಾರ್ ಇಷ್ಟು ಸುತ್ತುತ್ತೆ?" ಅಂತ ಚಿಂತಾಮಣಿಯ ಮೇಷ್ಟ್ರೊಬ್ಬರು ನನ್ನನ್ನು ಕೇಳಿದ್ದರು. ಹಳಿ ನೋಡಿಕೊಳ್ಳುವ ಎಂಜಿನಿಯರ್ ಆಗಿ ಈ ದಾರಿಯಲ್ಲಿ ವರ್ಷಗಟ್ಟಲೆ ನಡೆದವನು ನಾನು. ಅವತ್ತು ರೈಲು ಬಂದುಬಿಟ್ಟಿತು, ಮಾತು ಅರ್ಧಕ್ಕೆ ನಿಂತಿತು. ಉಳಿದದ್ದನ್ನು ಈಗ ಹೇಳುತ್ತೇನೆ.

ನಮ್ಮ ಸೀಮೆಗೆ ರೈಲು ಬೇಗನೇ ಬಂತು. 1864ರಲ್ಲಿ ಜೋಲಾರಪೇಟೆ ಕಡೆಯಿಂದ ಬ್ರಾಡ್ ಗೇಜ್ ಹಳಿ, ಅಂದರೆ ಎರಡು ಹಳಿಗಳ ನಡುವೆ ಐದೂವರೆ ಅಡಿ ಅಂತರದ್ದು, ಬೆಂಗಳೂರು ದಂಡಿಗೆ (ಕಂಟೋನ್ಮೆಂಟ್‌ಗೆ) ಬಂದು ಸೇರಿತು. ಆ ದಾರಿಯಲ್ಲಿದ್ದ ಬೌರಿಂಗ್‌ಪೇಟೆಯೇ ಇವತ್ತಿನ ಬಂಗಾರಪೇಟೆ. 1894ರಲ್ಲಿ ಅಲ್ಲಿಂದ ಚಿನ್ನದ ಗಣಿಗೆ, ಮಾರಿಕುಪ್ಪಂವರೆಗೆ ಇನ್ನೊಂದು ಬ್ರಾಡ್ ಗೇಜ್ ಕವಲು ಹಾಕಿದರು. ಜಿಲ್ಲೆಯ ಮುಖ್ಯ ಊರು ಕೋಲಾರ ಮಾತ್ರ 1913ರವರೆಗೆ ಕಾಯಬೇಕಾಯಿತು. ಸಿಕ್ಕಿದ್ದೂ ಎರಡೂವರೆ ಅಡಿಯ ನ್ಯಾರೋ ಗೇಜ್. 1915ರಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಅಷ್ಟೇ ಅಗಲದ ಹಳಿ ಬಂತು. ಆಗ ಮೈಸೂರಿನ ದಿವಾನರು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಮುಂದೆ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ಮೇಲೆ ಎರಡೂ ತುದಿ ಕೂಡಿಕೊಂಡವು. ರೇಷ್ಮೆಗೂಡಿನ ಊರು, ದಿನಸಿ ಮಂಡಿಯ ಊರು, ಮಾವಿನ ಊರು ಒಂದೇ ಹಳಿಗೆ ಬಂದವು. ಸುತ್ತು ದಾರಿಗೆ ಇದು ಮೊದಲನೇ ಕಾರಣ.

ಎರಡನೇ ಕಾರಣ ನೆಲ. ನೂರು ಮೀಟರಿಗೆ ಒಂದು ಮೀಟರ್ ಏರು ಇದ್ದರೆ ಬೈಕಿನಲ್ಲಿ ಹೋಗುವವರಿಗೆ ಗೊತ್ತೇ ಆಗಲ್ಲ. ರೈಲಿಗೆ ಹಾಗಲ್ಲ. ಸಮತಟ್ಟು ಹಳಿಯಲ್ಲಿ ಒಂದು ಟನ್ ಭಾರ ಎಳೆಯಲು ನಾಲ್ಕೈದು ಕಿಲೋ ಬಲ ಸಾಕು. ಆ ಸಣ್ಣ ಏರಿನಲ್ಲಿ ಅದರ ಮೇಲೆ ಇನ್ನೂ ಹತ್ತು ಕಿಲೋ ಬೇಕು. ಅಂದರೆ ಎಂಜಿನ್‌ಗೆ ಮೂರು ಪಟ್ಟು ಕೆಲಸ. ಹಾಗಾಗಿ ಗುಡ್ಡ ಎದುರಾದರೆ ಹಳಿ ಅದನ್ನು ಬಳಸಿಕೊಂಡು ಹೋಗುತ್ತದೆ. ಇಲ್ಲದಿದ್ದರೆ ಕಲ್ಲುಬಂಡೆ ಒಡೆದು ದಾರಿ ಮಾಡಬೇಕು. ನಮ್ಮ ಬಂಡೆ ಎಂಥ ಗಟ್ಟಿ ಅಂತ ಇಲ್ಲಿ ಬೋರ್‌ವೆಲ್ ಕೊರೆಸಿದವರಿಗೆ ಹೇಳಬೇಕಾಗಿಲ್ಲ.

ಬಳಸುವಾಗ ಎಷ್ಟು ಬಾಗಬಹುದು? ಅದನ್ನು ಅಳೆಯುವ ರೀತಿ ನನಗೆ ಇವತ್ತಿಗೂ ಬಹಳ ಇಷ್ಟ. 11.8 ಮೀಟರ್ ಉದ್ದದ ದಾರ ತಗೊಳ್ಳಿ. ತಿರುವಿನ ಹೊರಗಿನ ಹಳಿಯ ಒಳಮುಖಕ್ಕೆ ಎರಡೂ ತುದಿ ಒತ್ತಿ ಬಿಗಿಯಾಗಿ ಹಿಡಿಯಿರಿ. ಸರಿಯಾಗಿ ನಡುವೆ, ದಾರಕ್ಕೂ ಹಳಿಗೂ ಇರುವ ಸಂದಿಯನ್ನು ಸ್ಕೇಲಿನಲ್ಲಿ ಅಳೆಯಿರಿ. ಮೂರು ಸೆಂಟಿಮೀಟರ್ ಬಂದರೆ ತಿರುವು ಮೂರು ಡಿಗ್ರಿ. ನಾಲ್ಕು ಬಂದರೆ ನಾಲ್ಕು. ಡಿಗ್ರಿ ಹೆಚ್ಚಿದಷ್ಟೂ ತಿರುವು ಬಿಗಿ. ಲೆಕ್ಕ ಹಾಗೆ ಕೂಡಿಬರಲಿ ಅಂತಲೇ ದಾರದ ಉದ್ದ ಅಷ್ಟು. ಬ್ರಾಡ್ ಗೇಜ್‌ನಲ್ಲಿ ಹತ್ತು ಡಿಗ್ರಿಗಿಂತ ಜಾಸ್ತಿ ಬಾಗುವ ಹಾಗಿಲ್ಲ. ಎರಡೂವರೆ ಅಡಿಯ ಹಳಿಗೆ ನಲವತ್ತು ಡಿಗ್ರಿವರೆಗೆ ಬಿಡುವಿದೆ. ಅಂದರೆ 44 ಮೀಟರ್ ತ್ರಿಜ್ಯದಲ್ಲೂ ತಿರುಗಬಹುದು. ಕೈಯಲ್ಲಿ ದುಡ್ಡು ಕಡಿಮೆ, ಮುಂದೆ ಗುಡ್ಡ. ಸಣ್ಣ ಹಳಿ ಆರಿಸಿದವರನ್ನು ನಾನು ದೂರುವುದಿಲ್ಲ.

ಆದರೆ ಅದಕ್ಕೆ ನಾವು ತೆತ್ತ ಬೆಲೆ ದೊಡ್ಡದು. ಯಲಹಂಕದಲ್ಲಿ ಹಾದುಹೋಗುತ್ತಿದ್ದದ್ದು ಒಂದು ಮೀಟರ್ ಅಗಲದ ಮೀಟರ್ ಗೇಜ್. ಬಂಗಾರಪೇಟೆಯಲ್ಲಿ ಬ್ರಾಡ್ ಗೇಜ್. ನಡುವೆ ನಮ್ಮದು. ಈ ಕಡೆಯ ವ್ಯಾಗನ್ ಆ ಕಡೆ ಹೋಗಲ್ಲ, ಆ ಕಡೆಯದು ಈ ಕಡೆ ಬರಲ್ಲ. ಹೊರಗೆ ಹೋಗುವ ಪ್ರತಿ ಮೂಟೆಯನ್ನೂ ಹಮಾಲರು ಇಳಿಸಿ ಇನ್ನೊಂದು ವ್ಯಾಗನ್‌ಗೆ ಏರಿಸಬೇಕು. ಲಾರಿ ಬಂದು ಮಂಡಿಯ ಬಾಗಿಲಲ್ಲೇ ನಿಂತ ಮೇಲೆ ಈ ಕಷ್ಟ ಯಾರಿಗೆ ಬೇಕು? ತೊಂಬತ್ತರ ದಶಕದಲ್ಲಿ ಎರಡೂ ತುದಿಗಳು ಬ್ರಾಡ್ ಗೇಜ್ ಆದವು. ಕೋಲಾರ–ಬಂಗಾರಪೇಟೆ ನಡುವೆ ರೈಲ್‌ಬಸ್, ಅಂದರೆ ಹಳಿಯ ಮೇಲೆ ಓಡುವ ಬಸ್ಸಿನಂಥ ಸಣ್ಣ ಗಾಡಿ, ಓಡಿತು. ನಡುವಿನ ಚಿಕ್ಕಬಳ್ಳಾಪುರ–ಕೋಲಾರದ 85 ಕಿಲೋಮೀಟರ್ ಬ್ರಾಡ್ ಗೇಜ್ ಆಗಿ ಮುಗಿದದ್ದು 2013ಕ್ಕೆ. ಅಷ್ಟು ಹೊತ್ತಿಗೆ ಒಂದು ತಲೆಮಾರು ರೈಲು ಮರೆತು ಬೆಳೆದಿತ್ತು. ಈ ತಡ ನನಗೆ ಈಗಲೂ ನೋವು ಕೊಡುತ್ತದೆ.

ಮೂರನೇ ಕಾರಣ ಕೆರೆ. ಇದನ್ನು ಕೇಳಿದವರು ಕಡಿಮೆ. ಇಲ್ಲಿ ಒಂದು ಕೆರೆ ಕೋಡಿ ಬಿದ್ದರೆ ನೀರು ಮುಂದಿನ ಕೆರೆಗೆ, ಅಲ್ಲಿಂದ ಅದರ ಮುಂದಿನದಕ್ಕೆ. ಕೆರೆಯ ಕೆಳಗೆ ಹಳಿ ಹಾಕಿದರೆ ಏರಿ ಒಡೆದ ದಿನ ಹಳಿಯೂ ಕೊಚ್ಚಿಹೋಗುತ್ತದೆ. ಮೇಲೆ ಹಾಕಿದರೆ ಹಳಿಯ ದಿಬ್ಬವೇ ಕೆರೆಗೆ ಬರುವ ನೀರನ್ನು ತಡೆಯುತ್ತದೆ. ಹಾಗಾಗಿ ಆದಷ್ಟೂ ದಿಣ್ಣೆ ಹಿಡಿದು ಹೋಗಬೇಕು. ನೀರು ದಾಟುವಲ್ಲೆಲ್ಲ ಮೋರಿ ಕಟ್ಟಬೇಕು. ಹಳಿಗೆ ಅಪಾಯ ತರಬಹುದಾದ ಕೆರೆಗಳ ಪಟ್ಟಿಯೇ ರೈಲ್ವೆಯಲ್ಲಿ ಇರುತ್ತದೆ. ಮಳೆಗಾಲಕ್ಕೆ ಮುಂಚೆ ರಾಜ್ಯದ ಎಂಜಿನಿಯರುಗಳ ಜೊತೆ ಹೋಗಿ ಏರಿ, ತೂಬು, ಕೋಡಿ ನೋಡಿ ಬರುವುದು ವಾಡಿಕೆ.

ಅಂಥ ಒಂದು ಓಡಾಟದಲ್ಲಿ ಜಾಲಿ ಮುಚ್ಚಿಕೊಂಡಿದ್ದ ಒಂದು ಹಳೇ ಕಲ್ಲಿನ ಮೋರಿ ಕಂಡಿತು. ಸುತ್ತ ಎಲ್ಲೂ ನೀರಿನ ಗುರುತಿಲ್ಲ. ಕೆರೆ ಒಣಗಿ ಎಷ್ಟೋ ವರ್ಷ ಆಗಿತ್ತು. ಜೊತೆಗಿದ್ದ ಹುಡುಗ, "ಇದು ಸುಮ್ನೆ ಇದೆ ಸಾರ್" ಅಂದ. ಕುರಿ ಮೇಯಿಸುತ್ತಿದ್ದ ಅಜ್ಜ ಒಬ್ಬರು ಹತ್ತಿರ ಬಂದು, "ನಮ್ಮಪ್ಪನ ಕಾಲದಾಗೆ ಕೋಡಿ ನೀರು ಇಲ್ಲೇ ಹರೀತಿತ್ತು ಸ್ವಾಮಿ, ಮುಚ್ಚಬೇಡಿ" ಅಂದರು. ಜಾಲಿ ಕಡಿಸಿ, ಹೂಳು ತೆಗೆಸಿದೆವು.

2018ರಿಂದ ಕೆ.ಸಿ. ವ್ಯಾಲಿಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೋಲಾರದ ಕೆರೆಗಳಿಗೆ ಬರುತ್ತಿದೆ. 2021ರ ನವೆಂಬರ್‌ನ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಗಳಲ್ಲಿ ಎಷ್ಟೋ ಕೆರೆ ಕೋಡಿ ಬಿದ್ದವು. ಆ ವಾರ ನಾನು ಆ ಮೋರಿಯನ್ನು ಮತ್ತೆ ನೋಡಲು ಹೋಗಿದ್ದೆ. ಕೆಂಪು ನೀರು ಕಮಾನಿನ ಅರ್ಧಕ್ಕೆ ಮುಟ್ಟಿ ಹರಿಯುತ್ತಿತ್ತು. ಮೇಲೆ ಚಿಂತಾಮಣಿ ಕಡೆಯ ರೈಲು ನಿಧಾನವಾಗಿ ದಾಟಿಕೊಂಡು ಹೋಯಿತು.