ಸಂಘ-ಸಂಸ್ಥೆಗಳ ಲೆಕ್ಕ: ಶೇ. 85ರ ನಿಯಮ ಬಿಡಿಸಿಕೊಂಡ ಟಿಪ್ಪಣಿ

ಸಮಾಜಕಾರ್ಯ ಓದುತ್ತಿರುವವರಿಗೆ ಮತ್ತು ಊರಿನ ಸಂಘದಲ್ಲಿ ಖಜಾಂಚಿಯಾಗಿ ಹೊಸದಾಗಿ ಸೇರಿದವರಿಗೆ ಈ ಟಿಪ್ಪಣಿ. ಸ್ವಯಂಸೇವಾ ಸಂಸ್ಥೆಗಳ ಆಡಳಿತದ ಪಾಠದಲ್ಲಿ ನನ್ನನ್ನು ಹೆಚ್ಚು ಹೊತ್ತು ಕೂರಿಸಿದ್ದು ತೆರಿಗೆ ಭಾಗ, ಅದರಲ್ಲೂ ಶೇ. 85ರ ಲೆಕ್ಕ, ಅಂದರೆ ತೆರಿಗೆ ವಿನಾಯಿತಿಗೆ ಸಂಸ್ಥೆ ತನ್ನ ವರ್ಷದ ಆದಾಯದಲ್ಲಿ ಎಷ್ಟನ್ನು ಉದ್ದೇಶಕ್ಕೆ ಬಳಸಿರಬೇಕು ಅನ್ನುವುದು. ತಲೆಯಲ್ಲಿ ಬಿಸಿಯಾಗಿರುವಾಗಲೇ ಬರೆದಿಡುತ್ತೇನೆ. ಉಳಿದದ್ದನ್ನು ಬೇಗ ಮುಗಿಸೋಣ.

ಇಲ್ಲಿರುವ ತೆರಿಗೆ ಸೆಕ್ಷನ್, ಫಾರಂ ಸಂಖ್ಯೆಗಳೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯವು. 2025ರ ಹೊಸ ಕಾಯ್ದೆಯ ಜಾರಿ 2026ರ ಏಪ್ರಿಲ್ 1ರಿಂದ. ಅದರಲ್ಲಿ ಸಂಖ್ಯೆಗಳು ಬೇರೆ, ಆದರೆ ಶೇ. 85ರ ಲೆಕ್ಕ ಹಾಗೇ ಇದೆ.

ಮೂರು ರೂಪ

ಲಾಭಕ್ಕಲ್ಲದ ಸಂಸ್ಥೆಯನ್ನು ಮೂರು ರೀತಿ ಕಟ್ಟಬಹುದು.

ಸಂಘ: ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960. ಕನಿಷ್ಠ ಏಳು ಜನ ಬೇಕು. ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯನ್ನು 1916ರಲ್ಲಿ ಶುರು ಮಾಡಿದವರೂ ಏಳು ಜನ, ಅವರನ್ನು ಸಪ್ತರ್ಷಿಗಳು ಅಂತಲೇ ಕರೆಯುತ್ತಾರೆ. ಏಳು ಅನ್ನುವುದನ್ನು ನಾನು ನೆನಪಿಟ್ಟುಕೊಂಡದ್ದು ಹೀಗೆ. ನೋಂದಣಿ ಆಗುವುದು ಜಿಲ್ಲೆಯ ಸಂಘಗಳ ನೋಂದಣಾಧಿಕಾರಿ ಕಚೇರಿಯಲ್ಲಿ.

ಟ್ರಸ್ಟ್: ಡೀಡ್ ಬರೆದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ. 1882ರ ಭಾರತೀಯ ಟ್ರಸ್ಟ್ ಕಾಯ್ದೆ ಖಾಸಗಿ ಟ್ರಸ್ಟ್‌ಗಳಿಗೆ ಮಾತ್ರ, ಸಾರ್ವಜನಿಕ ಧರ್ಮಾರ್ಥ ಟ್ರಸ್ಟ್‌ಗೆ ಅದು ಅನ್ವಯಿಸುವುದಿಲ್ಲ. ಪರೀಕ್ಷೆಯಲ್ಲಿ ಬಹಳ ಜನ ಎಡವುವ ಜಾಗ ಇದು.

ಸೆಕ್ಷನ್ 8 ಕಂಪನಿ: 2013ರ ಕಂಪನಿ ಕಾಯ್ದೆಯಡಿ ಬರುತ್ತದೆ. ಹಳೆಯ ಪುಸ್ತಕದಲ್ಲಿ ಸೆಕ್ಷನ್ 25 ಅಂತ ಇದ್ದರೆ ಅದೂ ಇದೇ.

ಊರಿನ ಮಟ್ಟದ ಕೆಲಸಕ್ಕೆ ನನ್ನ ಮತ ಸಂಘಕ್ಕೆ. ಪ್ರತಿ ವರ್ಷ ಸರ್ವ ಸದಸ್ಯರ ಸಭೆ ಕರೆಯಬೇಕು, ಲೆಕ್ಕ ಮುಂದಿಡಬೇಕು. ಹಿಂದಿನ ಸಾಲಿನಲ್ಲಿ ಕೂತ ಸದಸ್ಯೆಯೂ ಎದ್ದು ನಿಂತು ‘ಈ ದುಡ್ಡು ಎಲ್ಲಿಗೆ ಹೋಯ್ತು?’ ಅಂತ ಕೇಳಬಹುದು. ಟ್ರಸ್ಟ್‌ನಲ್ಲಿ ಆ ಅಧಿಕಾರ ಡೀಡ್‌ನಲ್ಲಿ ಹೆಸರಿರುವ ಕೆಲವೇ ಟ್ರಸ್ಟಿಗಳ ಕೈಯಲ್ಲಿ ಉಳಿಯುತ್ತದೆ.

12ಎ ಮತ್ತು 80ಜಿ

ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಒಂದೇ ಅನ್ನಿಸುತ್ತದೆ. ಅಲ್ಲ. 12ಎ ನೋಂದಣಿ (2021ರಿಂದ 12ಎಬಿ) ಸಂಸ್ಥೆಗಾಗಿ: ಸಂಸ್ಥೆಯ ಆದಾಯಕ್ಕೆ ವಿನಾಯಿತಿ. 80ಜಿ ದಾನಿಗಾಗಿ: ಕೊಟ್ಟವರಿಗೆ ತೆರಿಗೆ ಲೆಕ್ಕದಲ್ಲಿ ಕಡಿತ. ನೋಂದಣಾಧಿಕಾರಿ ಕೊಟ್ಟ ಪ್ರಮಾಣಪತ್ರ ಇದೆ ಅಂದ ಮಾತ್ರಕ್ಕೆ ಈ ಎರಡೂ ತಾನಾಗಿ ಸಿಗುವುದಿಲ್ಲ. ಬೇರೆಯಾಗಿ ಅರ್ಜಿ ಹಾಕಬೇಕು, ಅವಧಿ ಮುಗಿಯುವ ಮುಂಚೆ ನವೀಕರಿಸಬೇಕು.

ಶೇ. 85: ಯಾವುದರ ಶೇ. 85?

ನಿಯಮ ಒಂದು ಸಾಲಿನದು. ಸೆಕ್ಷನ್ 11ರ ಪ್ರಕಾರ ಸಂಸ್ಥೆ ಆ ವರ್ಷದ ಆದಾಯದಲ್ಲಿ ಶೇ. 85ನ್ನು ತನ್ನ ಉದ್ದೇಶಕ್ಕೆ ಬಳಸಬೇಕು. ಉಳಿದ ಶೇ. 15ನ್ನು ಕಾಲಮಿತಿ ಇಲ್ಲದೆ ಇಟ್ಟುಕೊಳ್ಳಬಹುದು. ಓದುವಾಗ ಸುಲಭ. ಲೆಕ್ಕಕ್ಕೆ ಕೂತಾಗ ‘ಆದಾಯ’ ಅಂದರೆ ಏನು, ‘ಬಳಸುವುದು’ ಅಂದರೆ ಏನು ಎಂಬ ಎರಡೂ ಕಡೆ ಗಂಟು ಬೀಳುತ್ತದೆ.

ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಳ್ಳೋಣ. ತಾಲ್ಲೂಕು ಕೇಂದ್ರದಲ್ಲಿ ಹೊಲಿಗೆ ತರಬೇತಿ ನಡೆಸುವ ಒಂದು ಮಹಿಳಾ ಸಂಘ. ನೋಂದಣಿ ಎಲ್ಲ ಆಗಿದೆ, ಇದು ಅದರ ಮೊದಲ ವರ್ಷ. ಬಂದದ್ದು ಇಷ್ಟು: ಸಾಮಾನ್ಯ ದೇಣಿಗೆ 6,00,000 ರೂ., ಬ್ಯಾಂಕ್ ಬಡ್ಡಿ 40,000 ರೂ. ಇದಲ್ಲದೆ ಒಬ್ಬ ದಾನಿ ‘ಇದು ಮೂಲನಿಧಿಗೆ’ ಅಂತ ಪತ್ರ ಬರೆದು ಕೊಟ್ಟ 2,00,000 ರೂ.

ಮೊದಲ ಗಂಟು. ಒಟ್ಟು 8,40,000 ಬಂದಿದೆ, ಶೇ. 85 ಅದರ ಮೇಲಾ? ಅಲ್ಲ. ದಾನಿಯೇ ಸ್ಪಷ್ಟವಾಗಿ ಬರೆದುಕೊಟ್ಟ ಮೂಲನಿಧಿ, ಅಂದರೆ ಕಾರ್ಪಸ್, ಈ ಲೆಕ್ಕದಿಂದ ಹೊರಗೆ. ಆದರೆ ಅದನ್ನು ಬ್ಯಾಂಕ್ ಠೇವಣಿಯಂತಹ, ಸೆಕ್ಷನ್ 11(5) ಒಪ್ಪುವ ಕಡೆಯೇ ಇಡಬೇಕು. ಇನ್ನೊಂದು ವಿಷಯ: ಮೂಲನಿಧಿಯಿಂದ ತೆಗೆದು ಖರ್ಚು ಮಾಡಿದರೆ ಅದು ಆ ವರ್ಷದ ‘ಬಳಕೆ’ಗೆ ಸೇರುವುದಿಲ್ಲ. ಮುಂದೆ ಯಾವುದಾದರೂ ವರ್ಷದ ಆದಾಯದಿಂದ ನಿಧಿಗೆ ವಾಪಸ್ ತುಂಬಿದಾಗ, ತುಂಬಿದ ವರ್ಷದ ಲೆಕ್ಕಕ್ಕೆ ಬರಬಹುದು. ದಾನಿಯ ಪತ್ರ ಇಲ್ಲದೆ ಖಜಾಂಚಿ ತಾನೇ ‘ಕಟ್ಟಡ ನಿಧಿ’ ಅಂತ ಲೆಡ್ಜರಿನಲ್ಲಿ ಬರೆದುಕೊಂಡರೆ ಅದು ಮೂಲನಿಧಿ ಆಗುವುದಿಲ್ಲ. ಆ ಪತ್ರವನ್ನು ರಸೀದಿಯ ಪ್ರತಿಗೇ ಪಿನ್ ಮಾಡಿಡಿ.

ಹಾಗಾಗಿ ನಮ್ಮ ಆದಾಯ 6,40,000. ಅದರ ಶೇ. 85 ಅಂದರೆ 5,44,000. ಇಷ್ಟು ಬಳಸಿರಬೇಕು.

ಈಗ ಎರಡನೇ ಗಂಟು. ನನಗೆ ಬಿಡಿಸಲು ಕಷ್ಟವಾದದ್ದು ಇದೇ. ಸಂಘದ ಪುಸ್ತಕದಲ್ಲಿ ಖರ್ಚು ಹೀಗಿದೆ: ಬಾಡಿಗೆ, ಶಿಕ್ಷಕಿಯರ ಗೌರವಧನ, ಬಟ್ಟೆ-ನೂಲು, ಕಾರ್ಯಕ್ರಮ ಎಲ್ಲ ಸೇರಿ 4,80,000. ಹೊಸ ಹೊಲಿಗೆ ಯಂತ್ರಗಳಿಗೆ 80,000. ಯಂತ್ರ ಆಸ್ತಿ, ಅದು ಖರ್ಚು ಹೇಗಾಗುತ್ತದೆ ಅಂತ ಕಾಮರ್ಸ್ ಓದಿದವರು ಕೇಳುತ್ತಾರೆ. ಆದಾಯ-ವೆಚ್ಚ ಖಾತೆಯಲ್ಲಿ ಅದು ಖರ್ಚಲ್ಲ, ನಿಜ. ಆದರೆ ಶೇ. 85ರ ಲೆಕ್ಕದಲ್ಲಿ ಉದ್ದೇಶಕ್ಕಾಗಿ ಕೊಂಡ ಯಂತ್ರದ ಪೂರ್ತಿ ಬೆಲೆ ಆ ವರ್ಷದ ಬಳಕೆ. ಹಾಗೆ ತೋರಿಸಿದ ಮೇಲೆ ಅದೇ ಯಂತ್ರಕ್ಕೆ ವರ್ಷವರ್ಷ ಸವಕಳಿಯನ್ನು, ಅಂದರೆ ಹಳೆಯದಾದಂತೆ ಇಳಿಯುವ ಬೆಲೆಯನ್ನು, ಮತ್ತೆ ಬಳಕೆ ಅಂತ ತೋರಿಸುವಂತಿಲ್ಲ. ಒಟ್ಟು 5,60,000. ಬೇಕಾದದ್ದು 5,44,000. ಸಾಕಾಯಿತು ಅಲ್ವಾ?

ಸಾಕಾಗಲಿಲ್ಲ. ವೋಚರ್ ಫೈಲು ತೆರೆದು ನೋಡಿ.

ಮಾರ್ಚ್ ತಿಂಗಳ ಗೌರವಧನ 30,000 ರೂ. ಎಲ್ಲ ಕಡೆ ನಡೆಯುವ ಹಾಗೆ ಅದನ್ನು ಏಪ್ರಿಲ್ 5ಕ್ಕೆ ಕೊಟ್ಟಿದ್ದಾರೆ. ಪುಸ್ತಕದಲ್ಲಿ ಅದು ಮಾರ್ಚ್‌ನ ಖರ್ಚು. ಆದರೆ ತೆರಿಗೆ ನಿಯಮ ಹೇಳುವುದು ಬೇರೆ: ದುಡ್ಡು ನಿಜವಾಗಿ ಯಾವ ವರ್ಷ ಪಾವತಿಯಾಯಿತೋ ಆ ವರ್ಷದ ಬಳಕೆ. ಕೊಡಬೇಕಾಗಿದೆ ಅಂದರೆ ಸಾಲದು, ಕೊಟ್ಟಿರಬೇಕು. ಆ 30,000 ಮುಂದಿನ ವರ್ಷಕ್ಕೆ ಹೋಯಿತು. ಹಳೆಯ ಸಂಘವಾದರೆ ಹೋದ ಮಾರ್ಚ್‌ನ ಬಾಕಿ ಈ ಏಪ್ರಿಲ್‌ನಲ್ಲಿ ಸೇರಿ ಸರಿದೂಗುತ್ತದೆ. ಮೊದಲ ವರ್ಷದ ಸಂಘಕ್ಕೆ ಆ ಅನುಕೂಲ ಇಲ್ಲ. ಮೊದಲ ವರ್ಷ ಅಂತ ಉದಾಹರಣೆ ಇಟ್ಟುಕೊಂಡದ್ದು ಇದಕ್ಕೇ.

ಎರಡನೇ ವೋಚರ್: ವಾರ್ಷಿಕೋತ್ಸವದ ಶಾಮಿಯಾನ, ಕುರ್ಚಿ, ಮೈಕ್‌ಸೆಟ್, 15,000 ರೂ. ನಗದು. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ಆ ಖರ್ಚು ಬಳಕೆಗೆ ಸೇರುವುದಿಲ್ಲ. ಮೀರಿದ 5,000 ಅಷ್ಟೇ ಅಲ್ಲ, ಪೂರ್ತಿ 15,000. ಅದೇ ದಿನ ಎರಡು ವೋಚರ್ ಮಾಡಿ ಒಡೆದರೂ ಪ್ರಯೋಜನ ಇಲ್ಲ, ದಿನದ ಒಟ್ಟು ಮೊತ್ತ ನೋಡುತ್ತಾರೆ. ಶಾಮಿಯಾನದವರು ನಿಜವಾಗಿ ಹಾಕಿದ್ದಾರೆ, ಬಿಲ್ ಕೊಟ್ಟಿದ್ದಾರೆ, ಸದಸ್ಯರೆಲ್ಲ ಅದರ ಕೆಳಗೆ ಕೂತಿದ್ದಾರೆ. ಆದರೂ ಲೆಕ್ಕಕ್ಕಿಲ್ಲ.

5,60,000ದಿಂದ 30,000 ಮತ್ತು 15,000 ಕಳೆಯಿರಿ. ಉಳಿದದ್ದು 5,15,000. ಕೊರತೆ 29,000. ತಾಳೆ ನೋಡಬೇಕಾದರೆ ಇನ್ನೊಂದು ಕಡೆಯಿಂದ ಬನ್ನಿ: 6,40,000ದಲ್ಲಿ 5,15,000 ಹೋದರೆ ಉಳಿಕೆ 1,25,000. ಸುಮ್ನೆ ಇಟ್ಟುಕೊಳ್ಳಬಹುದಾದ ಶೇ. 15 ಅಂದರೆ 96,000. ಮಿಕ್ಕಿದ್ದು ಅದೇ 29,000. ಎರಡು ಕಡೆಯಿಂದಲೂ ಒಂದೇ ಸಂಖ್ಯೆ ಬಂದರೆ ಲೆಕ್ಕ ಸರಿ.

ನನ್ನ ಕೀಲಿ ಇದು. ಪ್ರತಿ ವೋಚರ್ ಹಿಡಿದು ಮೂರು ಪ್ರಶ್ನೆ: ಹೋಯಿತಾ? ಹೇಗೆ ಹೋಯಿತು? ಯಾರಿಗೆ ಹೋಯಿತು? ‘ಹೋಯಿತಾ’ ಅಂದರೆ ಮಾರ್ಚ್ 31ರೊಳಗೆ ಪಾವತಿ ಆಯಿತಾ ಅಂತ. ‘ಹೇಗೆ’ ಅಂದರೆ ನಗದಾ, ಬ್ಯಾಂಕಾ. ‘ಯಾರಿಗೆ’ ಅನ್ನುವುದು ಎರಡು ಕಡೆ ಮುಖ್ಯ. ಒಂದು, ಇನ್ನೊಂದು ನೋಂದಾಯಿತ ಸಂಸ್ಥೆಗೆ ದೇಣಿಗೆ ಕೊಟ್ಟಿದ್ದರೆ, ಕೊಟ್ಟ ಮೊತ್ತದ ಶೇ. 85 ಮಾತ್ರ ಬಳಕೆ. 20,000 ಕೊಟ್ಟರೆ 17,000 ಅಷ್ಟೇ. ಎರಡು, ಸ್ಥಾಪಕರಿಗೋ ಅವರ ಮನೆಯವರಿಗೋ ಸಂಘದ ದುಡ್ಡಿನಿಂದ ಅನುಕೂಲ ಆಗಿದೆಯಾ ಅಂತ. ಅಲ್ಲಿ ವಿನಾಯಿತಿಗೇ ಕುತ್ತು ಬರುತ್ತದೆ.

ಕೊರತೆ ಬಿದ್ದರೆ ಮುಂದೇನು? ಎರಡು ದಾರಿ ಇವೆ. ಆದಾಯ ಕೈಗೆ ಬಂದಿಲ್ಲ, ಅಥವಾ ವರ್ಷದ ಕೊನೆಗೆ ಬಂದು ಬಳಸಲು ಆಗಲಿಲ್ಲ ಅಂತಿದ್ದರೆ ಫಾರಂ 9ಎ. ಒಂದು ನಿರ್ದಿಷ್ಟ ಕೆಲಸಕ್ಕಾಗಿ ಕೂಡಿಡುತ್ತಿದ್ದರೆ ಫಾರಂ 10, ಗರಿಷ್ಠ 5 ವರ್ಷ. ಫಾರಂ 10ಕ್ಕೆ ಕಾರ್ಯಕಾರಿ ಸಮಿತಿಯ ಠರಾವು ಮಾಡಿಕೊಳ್ಳಿ. ‘ಸಂಘದ ಉದ್ದೇಶಗಳಿಗಾಗಿ’ ಅಂತ ತೇಲಿಸಿ ಬರೆಯಬೇಡಿ. ‘ಎರಡನೇ ತರಬೇತಿ ಕೊಠಡಿಗೆ ಯಂತ್ರ ಕೊಳ್ಳಲು’ ಅಂತ ಬಿಡಿಸಿ ಬರೆಯಿರಿ. ಆ ದುಡ್ಡನ್ನೂ 11(5)ರ ಪ್ರಕಾರವೇ ಇಡಬೇಕು, ಬೇರೆ ಸಂಸ್ಥೆಗೆ ದೇಣಿಗೆಯಾಗಿ ಕೊಡುವಂತಿಲ್ಲ. ಎರಡೂ ದಾರಿ ಹಿಡಿಯದಿದ್ದರೆ ಕೊರತೆಯ ಮೊತ್ತ ತೆರಿಗೆ ಲೆಕ್ಕಕ್ಕೆ ಬರುತ್ತದೆ.

ದಾನಿಗೆ ಏನು ಹೇಳಬೇಕು

‘80ಜಿ ಇದೆ ಸರ್, ಅರ್ಧ ದುಡ್ಡು ನಿಮಗೆ ವಾಪಸ್ ಬರುತ್ತೆ.’ ದೇಣಿಗೆ ಕೇಳುವವರ ಬಾಯಲ್ಲಿ ಈ ಮಾತು ಜಾಸ್ತಿ. ಇದನ್ನು ದಯವಿಟ್ಟು ಹೇಳಬೇಡಿ. ನಂಬಿ ಕೊಟ್ಟವರಿಗೆ ಆಮೇಲೆ ಮೋಸ ಹೋದೆ ಅನ್ನಿಸುತ್ತದೆ.

ಊರಿನ ಸಂಘಗಳಿಗೆ ಸಾಮಾನ್ಯವಾಗಿ ಸಿಗುವುದು ಶೇ. 50ರ ಕಡಿತ. ಅದು ದಾನಿಯ ಆದಾಯದಿಂದ ಕಳೆಯುವ ಮೊತ್ತ, ತೆರಿಗೆಯಿಂದ ಅಲ್ಲ. 10,000 ಕೊಟ್ಟರೆ ಆದಾಯದಲ್ಲಿ 5,000 ಕಡಿಮೆ. ಶೇ. 20ರ ಹಂತದಲ್ಲಿರುವವರಿಗೆ ಸೆಸ್ ಸೇರಿ ಉಳಿಯುವುದು 1,040 ರೂ. ಅದೂ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಮಾತ್ರ, ಹೊಸ ಪದ್ಧತಿಯಲ್ಲಿ ಈ ಕಡಿತವೇ ಇಲ್ಲ. 2,000 ರೂ. ಮೀರಿದ ದೇಣಿಗೆಯನ್ನು ನಗದಾಗಿ ಕೊಟ್ಟರೂ ಕಡಿತ ಇಲ್ಲ.

ಇಲ್ಲಿ ಸಂಘದ ಕೆಲಸವೂ ಇದೆ. ದಾನಿಗಳ ವಿವರವನ್ನು ಫಾರಂ 10ಬಿಡಿಯಲ್ಲಿ ಮೇ 31ರೊಳಗೆ ಸಲ್ಲಿಸಿ, ಪ್ರತಿಯೊಬ್ಬರಿಗೂ 10ಬಿಇ ಪ್ರಮಾಣಪತ್ರ ಕೊಡಬೇಕು. ಕೈಬರಹದ ರಸೀದಿ ಮಾತ್ರ ಹಿಡಿದು ಕಡಿತ ಕೇಳಲು ಆಗುವುದಿಲ್ಲ. ಆದ್ದರಿಂದ ರಸೀದಿ ಪುಸ್ತಕ ಅಚ್ಚು ಹಾಕಿಸುವಾಗಲೇ ಹೆಸರು, ವಿಳಾಸದ ಕೆಳಗೆ ಪ್ಯಾನ್‌ಗೆ ಒಂದು ಸಾಲು, ‘ಮೂಲನಿಧಿಗೆ / ಸಾಮಾನ್ಯ’ ಅಂತ ಗುರುತು ಹಾಕಲು ಒಂದು ಸಾಲು ಬಿಡಿಸಿ. ಮೇ ತಿಂಗಳಲ್ಲಿ ದಾನಿಗಳಿಗೆಲ್ಲ ಫೋನ್ ಮಾಡುತ್ತಾ ಕೂರುವುದು ತಪ್ಪುತ್ತದೆ.